ಕೆರೆ ಮೀನು: ಸಿಗುವ ಜಾಗವೇ ಮುಳುಗುವ ಜಾಗ

ಮೊಲ, ಕೌಜುಗ, ಉಡ, ಕಾಡುಹಂದಿ. ಬಯಲುಸೀಮೆಯ ಊರುಗಳಲ್ಲಿ ಶಿಕಾರಿ ಎಂದರೆ ಒಂದು ಕಾಲಕ್ಕೆ ಇವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂದು ಇವುಗಳಿಗೆ ಉರುಳು ಹಾಕುವುದು, ಬಲೆ ಒಡ್ಡುವುದು, ಹೊಡೆಯುವುದು ಎಲ್ಲವೂ ಅಪರಾಧ. ಉಡದಂಥ ಮೊದಲ ಅನುಸೂಚಿಯ ಪ್ರಾಣಿ ಹೊಡೆದು ಸಿಕ್ಕಿಬಿದ್ದರೆ 3ರಿಂದ 7 ವರ್ಷ ಜೈಲು. ಹೊಲಕ್ಕೆ ನುಗ್ಗಿ ಕಡಲೆಕಾಯಿ ಅಗೆಯುವ ಹಂದಿಯನ್ನೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಬೇಲಿಗೆ ಕರೆಂಟ್ ಬಿಟ್ಟರೆ ಹಂದಿಗಿಂತ ಮೊದಲು ಪಕ್ಕದ ಹೊಲದವರೇ ಸಾಯುವುದುಂಟು. ಹಾಗಾಗಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕಾನೂನಿನೊಳಗೆ ಉಳಿದಿರುವ ಬೇಟೆ ನೀರಿನದು: ಗಾಳ, ಬಲೆ, ಏಡಿ.

ಈ ಬೇಟೆಯಲ್ಲಿ ಮೀನು ಮನುಷ್ಯನನ್ನು ಕೊಲ್ಲುವುದಿಲ್ಲ, ಕೊಲ್ಲುವುದು ಕೆರೆಯ ತಳ. ಮೀನು ನಿಲ್ಲುವುದು ನೀರು ಆಳವಾಗಿರುವ ಕಡೆ, ಹರಿಯುವ ಕಡೆ, ಜೊಂಡು ಮತ್ತು ಮರದ ಮೋಟು ಇರುವ ಕಡೆ. ಜನ ಮುಳುಗುವುದೂ ಅಲ್ಲೇ. ಆದ್ದರಿಂದ ಎಲ್ಲಿ ಗಾಳ ಹಾಕಬೇಕು ಎಂಬ ಪ್ರಶ್ನೆಯನ್ನೂ ಎಲ್ಲಿ ಕಾಲಿಡಬಾರದು ಎಂಬ ಪ್ರಶ್ನೆಯನ್ನೂ ಒಟ್ಟಿಗೇ ಕೇಳಿಕೊಳ್ಳಬೇಕಾಗುತ್ತದೆ.

ಹಿಂದೆ ಇದಕ್ಕೆ ಉತ್ತರ ಊರಿನ ಪ್ರತಿಯೊಬ್ಬರಿಗೂ ಗೊತ್ತಿರುತ್ತಿತ್ತು. ಬೇಸಿಗೆಯಲ್ಲಿ ಕೆರೆ ಬತ್ತುತ್ತಿತ್ತು, ಅಂಗಳದಲ್ಲಿ ಹುಡುಗರು ಆಡುತ್ತಿದ್ದರು, ದನ ಮೇಯುತ್ತಿದ್ದವು. ಯಾವ ಮೂಲೆಯಲ್ಲಿ ಗುಂಡಿ, ಎಲ್ಲಿ ಬಂಡೆ ಎಂಬುದು ಕಣ್ಣೆದುರೇ ಇತ್ತು. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ಕೋಲಾರದ ಕೆರೆಗಳಿಗೆ ಹರಿಯತೊಡಗಿತು, ಆಮೇಲೆ ಅಂಥದೇ ಎಚ್.ಎನ್. ವ್ಯಾಲಿ ನೀರು ಚಿಕ್ಕಬಳ್ಳಾಪುರದ ಕಡೆ ಬಂತು. ತುಮಕೂರಿನ ಎಷ್ಟೋ ಕೆರೆಗಳಿಗೆ ಹೇಮಾವತಿ ನಾಲೆಯ ನೀರಿದೆ. ಇದರ ಮೇಲೆ 2021ರ ನವೆಂಬರ್ ಮತ್ತು 2022ರ ಮಳೆ. ವರ್ಷಗಟ್ಟಲೆ ಬಣಗುಟ್ಟಿದ ಕೆರೆಗಳಲ್ಲಿ ಈಗ ಬೇಸಿಗೆಯಲ್ಲೂ ನೀರು. ಮೀನಿಗೆ ಇದು ಸುಗ್ಗಿ. ಆದರೆ ತಳ ಹೇಗಿದೆ ಎಂದು ನೋಡದೆಯೇ ಒಂದು ತಲೆಮಾರು ದಡದಲ್ಲಿ ನಿಂತಿದೆ. ಕೆರೆ ಒಣಗಿದ್ದ ವರ್ಷಗಳಲ್ಲಿ ಮರಳಿಗೆ, ಇಟ್ಟಿಗೆ ಗೂಡಿನ ಮಣ್ಣಿಗೆ ಎಂದು ಜೆಸಿಬಿ ತೋಡಿದ ಗುಂಡಿಗಳೆಲ್ಲ ಈಗ ನೀರಿನಡಿ ಇವೆ.

ಮೊದಲು ಅನುಮತಿ

ಕೆರೆ ಊರಿನದಾದರೂ ಅದರೊಳಗಿನ ಮೀನು ಸಾಮಾನ್ಯವಾಗಿ ಗುತ್ತಿಗೆದಾರರದು. ದೊಡ್ಡ ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಮೀನುಗಾರಿಕೆ ಇಲಾಖೆ, ಸಣ್ಣ ಕೆರೆಗಳದನ್ನು ಗ್ರಾಮ ಪಂಚಾಯಿತಿ ಸಹಕಾರ ಸಂಘಕ್ಕೋ ಹರಾಜಿನಲ್ಲಿ ಗೆದ್ದವರಿಗೋ ಕೊಡುತ್ತದೆ. ಅವರು ದುಡ್ಡು ಕೊಟ್ಟು ಮರಿ ತಂದು ಬಿಟ್ಟಿರುತ್ತಾರೆ. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ, ಆದ್ದರಿಂದ ಕೆರೆಯಲ್ಲಿರುವ ಒಂದೊಂದು ಕಾಟ್ಲಾ ಹಿಂದೆಯೂ ಯಾರದೋ ಖರ್ಚಿದೆ. ಒಂದು ಗಾಳಕ್ಕೆ ಯಾರು ಏನಂದಾರು ಎಂದುಕೊಳ್ಳಬೇಡಿ. ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲೋ ಪಂಚಾಯಿತಿಯಲ್ಲೋ ಕೇಳಿದರೆ ಗುತ್ತಿಗೆ ಯಾರದೆಂದು ಹೇಳುತ್ತಾರೆ. ಗಾಳಕ್ಕೆ ಸರಿ, ಬಲೆಗೆ ಬೇಡ ಎನ್ನುವ ಗುತ್ತಿಗೆದಾರರೂ ಇದ್ದಾರೆ. ಕುಡಿಯುವ ನೀರಿಗೆಂದು ಬೇಲಿ ಹಾಕಿಟ್ಟ ಕೆರೆಗೆ ಇಳಿಯುವ ಮಾತೇ ಇಲ್ಲ.

ಕ್ವಾರಿಯಿಂದ ತಂದ ಜೆಲಟಿನ್ ಸಿಡಿಸುವುದು, ನೀರಿಗೆ ಕ್ರಿಮಿನಾಶಕ ಸುರಿಯುವುದು 1897ರ ಭಾರತೀಯ ಮೀನುಗಾರಿಕಾ ಕಾಯ್ದೆಯ ಕಾಲದಿಂದಲೂ ಅಪರಾಧ. ಮೋಟಾರಿನ ವೈರು ನೀರಿಗೆ ಬಿಡುವವರ ಬಗ್ಗೆ ಹೇಳುವುದು ಇಷ್ಟೇ: ತೇಲಿದ ಮೀನು ಎತ್ತಿಕೊಳ್ಳಲು ಇಳಿದವನ ಕಾಲೂ ಅದೇ ನೀರಿನಲ್ಲಿರುತ್ತದೆ.

ಮೀನಿನ ಬಾಯಿ ನೋಡಿ ಗಾಳ ಹಾಕಿ

ಯಾವ ಆಳದಲ್ಲಿ ಯಾವ ಮೀನು ಮೇಯುತ್ತದೆ ಎಂಬುದಕ್ಕೆ ಪುಸ್ತಕ ಬೇಡ, ಅದರ ಬಾಯಿ ಸಾಕು. ಕಾಟ್ಲಾದ ಬಾಯಿ ಮೇಲ್ಮುಖ. ಅದು ಮೇಲಿನ ನೀರಿನಲ್ಲಿ ಬಾಯಿ ತೆರೆದು ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುತ್ತದೆ. ರೋಹುವಿನದು ತುಸು ಕೆಳಮುಖ, ತುಟಿಯಂಚು ಜಾಲರಿಯಂತೆ. ನಡುನೀರಿನಲ್ಲಿ ಕಲ್ಲು, ಮೋಟುಗಳಿಗೆ ಅಂಟಿದ ಪಾಚಿ ಕೀಳುತ್ತದೆ. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದವು. ಗೆಂಡೆಯಂತೂ ಹೂಳಿಗೆ ಮೂತಿ ಹಾಕಿ ಕೆದಕುತ್ತದೆ, ಅದು ಮೇಯುವ ಕಡೆ ಸಣ್ಣ ಗುಳ್ಳೆಗಳ ಸಾಲು ಏಳುತ್ತದೆ, ನೀರು ಕದಡಿರುತ್ತದೆ. ಹುಲ್ಲುಗೆಂಡೆ ಜೊಂಡಿನ ಅಂಚು ಬಿಡುವುದಿಲ್ಲ.

ಜಿಲೇಬಿ (ತಿಲಾಪಿಯಾ) 1952ರಲ್ಲಿ ಭಾರತಕ್ಕೆ ತಂದ ಮೀನು. ಮರಿಗಳನ್ನು ಬಾಯಲ್ಲೇ ಇಟ್ಟು ಸಾಕುವುದರಿಂದ ಒಮ್ಮೆ ಹೊಕ್ಕ ಕೆರೆಯಲ್ಲಿ ಅದೇ ತುಂಬಿಕೊಳ್ಳುತ್ತದೆ. ಕಲಿಯುವವರಿಗೆ ಇದೇ ಮೊದಲ ಗುರು, ಏನು ಕೊಟ್ಟರೂ ಕಚ್ಚುತ್ತದೆ. ದಡದಿಂದ ಹತ್ತು ಹದಿನೈದು ಅಡಿಯೊಳಗೇ ಇರುತ್ತದೆ, ನೀರಿಗೆ ಇಳಿಯುವ ಅಗತ್ಯವೇ ಇಲ್ಲ. ಹಿಡಿಯುವಾಗ ಬೆನ್ನಿನ ಮುಳ್ಳನ್ನು ತಲೆಯಿಂದ ಬಾಲದ ಕಡೆ ಅಂಗೈಯಿಂದ ಸವರಿ ಮಡಿಸಿಬಿಡಿ. ಬಾಲದಿಂದ ಹಿಡಿದರೆ ಮುಳ್ಳು ನಿಮಿರಿ ಅಂಗೈ ಹರಿಯುತ್ತದೆ.

ಕೊರವ ಮೀನಿನದು ಬೇರೆ ಜಾತಿ. ಅದು ಬೇಟೆಗಾರ ಮೀನು, ಮೇಲೆ ಬಂದು ಗಾಳಿಯನ್ನೂ ಉಸಿರಾಡುತ್ತದೆ. ಆದ್ದರಿಂದ ಬೇರೆ ಮೀನು ಉಳಿಯದ ಕೊಳಕು, ಜೊಂಡು ತುಂಬಿದ ನೀರಿನಲ್ಲೂ ಇರುತ್ತದೆ. ಮೇಲೆ ಕೆಂಪನೆಯ ಮರಿಗಳ ಹಿಂಡು ಕುದಿಯುವಂತೆ ಕಂಡರೆ ಅಡಿಯಲ್ಲಿ ತಂದೆ ತಾಯಿ ಕಾವಲಿರುತ್ತವೆ. ಆಗ ಅವನ್ನು ಹಿಡಿಯುವುದು ಬಹಳ ಸುಲಭ, ಅದಕ್ಕೇ ಹಿಡಿಯಬಾರದು. ಕಾವಲು ತಪ್ಪಿದ ಹಿಂಡನ್ನು ಜಿಲೇಬಿ, ಗಿರ್ಲು ಒಂದೆರಡು ದಿನದಲ್ಲಿ ಮುಗಿಸುತ್ತವೆ.

ದಾರ, ಗಾಳ, ಎರೆ

ಗಾಳದ ನಂಬರು ಹೆಚ್ಚಾದಷ್ಟೂ ಗಾಳ ಸಣ್ಣದು. ಪಕ್ಕೆ, ಗಿರ್ಲಿನಂಥ ಸಣ್ಣ ಮೀನಿಗೆ 10 ಅಥವಾ 12. ಜಿಲೇಬಿಗೆ 6 ಅಥವಾ 8. ರೋಹು, ಗೆಂಡೆಗೆ 4ರಿಂದ 1. ಅದಕ್ಕೂ ದೊಡ್ಡದು ಬೇಕಾದಾಗ ಲೆಕ್ಕ ತಿರುಗಿ 1/0, 2/0 ಎಂದು ಏರುತ್ತದೆ, ಕೊರವನಿಗೆ ಇವು. ಸಣ್ಣ ಮೀನಿಗೆ 0.20 ಮಿಲಿಮೀಟರ್ ನೈಲಾನ್ ದಾರ, ಎರಡು ಮೂರು ಕಿಲೋ ತೂಗುವ ಮೀನಿಗೆ 0.30ರಿಂದ 0.35. ಬಿಸಿಲಿಗೆ ಬಿದ್ದ ನೈಲಾನ್ ವರ್ಷದೊಳಗೆ ಗಟ್ಟಿತನ ಕಳೆದುಕೊಳ್ಳುತ್ತದೆ. ಹಳೆಯ ದಾರವನ್ನು ಎರಡು ಕೈಯಲ್ಲಿ ಸುತ್ತಿ ಜಗ್ಗಿ ನೋಡಿ, ಪಟ್ಟನೆ ಹರಿದರೆ ಬಿಸಾಡಿ. ಆದರೆ ಕೆರೆ ದಡದಲ್ಲಲ್ಲ. ಕೊಕ್ಕರೆಗಳ ಕಾಲಿಗೆ ಸುತ್ತಿಕೊಳ್ಳುವುದು ಅದೇ ದಾರ.

ದೊಡ್ಡ ಮೀನು ತಪ್ಪಿಸಿಕೊಂಡಿತೆಂದು ಹೇಳುವವರ ದಾರದ ತುದಿ ನೋಡಿ. ಗುಂಗುರಾಗಿ ಸುರುಳಿಯಿದ್ದರೆ ಹರಿದದ್ದು ದಾರವಲ್ಲ, ಬಿಚ್ಚಿದ್ದು ಗಂಟು. ಸರಿಯಾದ ಗಂಟು ಹೀಗೆ: ದಾರವನ್ನು ಗಾಳದ ಕಣ್ಣಿನೊಳಗೆ ತೂರಿಸಿ, ತುದಿಯನ್ನು ಮೂಲ ದಾರಕ್ಕೆ ಐದಾರು ಸುತ್ತು ಸುತ್ತಿ. ಅದೇ ತುದಿಯನ್ನು ಕಣ್ಣಿನ ಪಕ್ಕದಲ್ಲಿ ಉಳಿದ ಸಣ್ಣ ಕುಣಿಕೆಯೊಳಗೆ ಹಾಯಿಸಿ, ಆಗ ಉಂಟಾಗುವ ದೊಡ್ಡ ಕುಣಿಕೆಯೊಳಗೂ ಹಾಯಿಸಿ. ಬಿಗಿಯುವ ಮುನ್ನ ಉಗುಳಿನಿಂದ ಒದ್ದೆ ಮಾಡಿ. ಒಣಗಂಟು ಎಳೆದರೆ ಉಜ್ಜಾಟದ ಬಿಸಿಗೆ ನೈಲಾನ್ ಅಲ್ಲೇ ಸೊರಗುತ್ತದೆ, ಮುಂದೆ ಮೀನು ಜಗ್ಗಿದಾಗ ಹರಿಯುವುದೂ ಅಲ್ಲೇ.

ನಮ್ಮ ಕಡೆ ರಾಗಿಮುದ್ದೆಯನ್ನೇ ಗಾಳಕ್ಕೆ ಮೆತ್ತುವುದುಂಟು. ರೋಹು, ಗೆಂಡೆ, ಜಿಲೇಬಿ ಎಲ್ಲಕ್ಕೂ ಅದು ಇಷ್ಟ. ತೊಂದರೆ ಏನೆಂದರೆ ರಾಗಿಯಲ್ಲಿ ಗೋಧಿಯ ಅಂಟು ಇಲ್ಲ, ನೀರಿಗೆ ಬಿದ್ದ ಐದು ನಿಮಿಷಕ್ಕೆ ಕರಗಿ ಖಾಲಿ ಗಾಳ ಕುಳಿತಿರುತ್ತದೆ. ಎರಡು ಪಾಲು ತಣಿದ ಮುದ್ದೆಗೆ ಒಂದು ಪಾಲು ಮೈದಾ ಸೇರಿಸಿ ಚೆನ್ನಾಗಿ ನಾದಿ. ಒಂದು ಚಿಟಿಕೆ ಪುಡಿ ಮಾಡಿದ ಕಡಲೆಕಾಯಿ ಹಿಂಡಿ ಸೇರಿದರೆ ವಾಸನೆಯೂ ಬಂತು. ಕಿವಿಯ ಹಾಲೆಯಷ್ಟು ಮೆತ್ತಗೆ ಬರಬೇಕು. ಗಟ್ಟಿಯಾದರೆ ಮೀನು ಕಚ್ಚಿದರೂ ಗಾಳದ ತುದಿ ಹೊರಗೆ ಬರುವುದಿಲ್ಲ. ಗಿರ್ಲು, ಗೆಂಡೆಗೆ ಎರೆಹುಳು.

ಗಾಳ ಹಾಕುವುದಕ್ಕೆ ಅರ್ಧ ಗಂಟೆ ಮೊದಲು ನೆನೆಸಿದ ಹಿಂಡಿ ಮತ್ತು ತೌಡನ್ನು ಸಮಪಾಲು ಕಲಸಿ, ಕಿತ್ತಳೆ ಗಾತ್ರದ ನಾಲ್ಕೈದು ಉಂಡೆಗಳನ್ನು ಒಂದೇ ಜಾಗಕ್ಕೆ ಎಸೆಯಿರಿ. ಮೂರು ಜಾಗಕ್ಕೆ ಹರಡಿದರೆ ಮೀನೂ ಮೂರು ಜಾಗದಲ್ಲಿರುತ್ತದೆ. ಹೊಟ್ಟೆ ತುಂಬುವಷ್ಟು ಹಾಕಿದರೆ ನಿಮ್ಮ ಗಾಳದ ಉಂಡೆ ಯಾರಿಗೂ ಬೇಡ. ಬೆಂಡಿನ ಎತ್ತರ ಕಟ್ಟುವ ಮುನ್ನ ಗಾಳಕ್ಕೆ ಒಂದು ಸಣ್ಣ ಕಲ್ಲು ಕಟ್ಟಿ ಇಳಿಬಿಟ್ಟು ಆಳ ಅಳೆಯಿರಿ. ತಳದ ಮೀನಿಗೆ ಗಾಳ ತಳ ಸವರಬೇಕು, ರೋಹುವಿಗೆ ಒಂದು ಗೇಣು ಮೇಲೆ. ಎಡಕ್ಕೂ ಬಲಕ್ಕೂ ಹೀಗೆ ಅಳೆದರೆ ಇನ್ನೊಂದು ಸಂಗತಿಯೂ ತಿಳಿಯುತ್ತದೆ: ಎಲ್ಲಿ ಮೂರಡಿ ಇದ್ದದ್ದು ಇದ್ದಕ್ಕಿದ್ದಂತೆ ಹನ್ನೆರಡಡಿ ಆಗುತ್ತದೆ ಎಂಬುದು. ಆ ಅಂಚಿನಲ್ಲೇ ದೊಡ್ಡ ಗೆಂಡೆ ಇರುತ್ತದೆ. ಆ ಅಂಚಿನತ್ತ ನೀವು ಹೆಜ್ಜೆ ಇಡುವಂತಿಲ್ಲ.

ಬೆಂಡು ಅದುರಿದ ಕೂಡಲೇ ಎಳೆಯುವುದು ಎಲ್ಲರೂ ಮಾಡುವ ತಪ್ಪು. ಅದು ಬರೀ ಮೂತಿ ತಾಗಿಸುವುದು. ಬೆಂಡು ಓರೆಯಾಗಿ ಸಾಗಿದಾಗ, ಇಲ್ಲವೇ ಮುಳುಗಿದಾಗ ಮಣಿಕಟ್ಟಿನಿಂದ ಒಂದು ಜಗ್ಗು ಸಾಕು. ಗೆಂಡೆ ಉಂಡೆ ಎತ್ತಿದಾಗ ಬೆಂಡು ಮುಳುಗುವ ಬದಲು ಮಲಗಿಬಿಡುವುದೂ ಉಂಟು. ಕೊರವನಿಗೆ ಜೊಂಡಿನ ಮೇಲೆ ರಬ್ಬರ್ ಕಪ್ಪೆ ಎಳೆಯುವುದು ಒಳ್ಳೆಯ ವಿಧಾನ, ಜೀವಂತ ಕಪ್ಪೆ ಬೇಡ. ಕೊರವ ಹಾರಿ ಹಿಡಿದ ಕೂಡಲೇ ಜಗ್ಗಿದರೆ ರಬ್ಬರ್ ಕಪ್ಪೆ ಮಾತ್ರ ಕೈಗೆ ಬರುತ್ತದೆ. ಒಂದು, ಎರಡು, ಮೂರು ಎಣಿಸಿ, ದಾರದಲ್ಲಿ ಭಾರ ಗೊತ್ತಾದ ಮೇಲೆ ಜೋರಾಗಿ ಎಳೆಯಿರಿ.

ಡಿಸೆಂಬರ್, ಜನವರಿಯ ಚಳಿಯಲ್ಲಿ ಕಾಟ್ಲಾ, ರೋಹು ಮೇವು ಕಡಿಮೆ ಮಾಡಿ ಆಳಕ್ಕೆ ಹೋಗುತ್ತವೆ, ಮುಂಜಾನೆ ನಡುಗುತ್ತ ಕೂರುವುದಕ್ಕಿಂತ ಬಿಸಿಲೇರಿದ ಮೇಲೆ ಹೋಗುವುದು ಲೇಸು. ಬೇಸಿಗೆಯಲ್ಲಿ ಅದಕ್ಕೆ ತಿರುಗುಮುರುಗು.

ತೂಬು, ಏರಿ, ಕೋಡಿ

ಏರಿ ಕಟ್ಟಲು ಮಣ್ಣು ತೆಗೆದದ್ದು ಸಾಮಾನ್ಯವಾಗಿ ಏರಿಯ ಒಳಮಗ್ಗುಲಿನಿಂದಲೇ. ಆದ್ದರಿಂದ ಕೆರೆಯ ಅತಿ ಆಳದ ನೀರು ಏರಿಗೆ ತಾಗಿಯೇ, ನೀರು ಹೊರಬಿಡುವ ತೂಬಿನ ಬಳಿ ಇರುತ್ತದೆ. ಕಲ್ಲುಕಟ್ಟಡದ ಮೇಲೆ ಕುಳಿತು ಗಾಳ ಹಾಕಲು ಇದು ಒಳ್ಳೆಯ ಜಾಗ, ಆದರೆ ಜಾರಿದರೆ ಮೊದಲ ಹೆಜ್ಜೆಗೇ ನೆಲ ಸಿಗುವುದಿಲ್ಲ. ನೀರಿನ ಗೆರೆಗೆ ಹತ್ತಿರದ ಕಲ್ಲುಗಳ ಮೇಲೆ ಪಾಚಿ ಇರುತ್ತದೆ. ಒಣಗಿದ ಕಲ್ಲಿನ ಮೇಲೆಯೇ ಕೂರಿ, ಮೀನನ್ನು ಕೈಬಲೆಯಿಂದ ಎತ್ತಿ, ಬಗ್ಗಿ ಹಿಡಿಯಲು ಹೋಗಬೇಡಿ. ಕಲ್ಲುಸಂದಿಯಲ್ಲಿ ಕೊಳಕುಮಂಡಲ ಇರುತ್ತದೆ, ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಏರಿ ಇಳಿಯಬಾರದು. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಏನೂ ಬೇಡ. ಕಾಲು ಅಲುಗಿಸದೆ ನೇರ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು.

ತೂಬು ತೆರೆದಿದ್ದರೆ ಅದರ ಸುತ್ತ ಹತ್ತು ಅಡಿಯೊಳಗೆ ಈಜುವುದು, ಬಲೆ ಬೀಸುವುದು ಎರಡೂ ಕೂಡದು. ಮೇಲೆ ನೀರು ಅಲುಗುವುದೇ ಕಾಣದು, ಅಡಿಯಲ್ಲಿ ಸೆಳೆತ ಇರುತ್ತದೆ. ಬಲೆ ತೂಬಿನ ಬಾಯಿಗೆ ಎಳೆದುಕೊಂಡರೆ ಹಗ್ಗ ಹಿಡಿದವನನ್ನೂ ಎಳೆಯುತ್ತದೆ. ತೂಬು ನೋಡಿಕೊಳ್ಳುವ ನೀರುಗಂಟಿ ಇನ್ನೂ ಇರುವ ಊರಾದರೆ ಅವರನ್ನು ಒಂದು ಮಾತು ಕೇಳಿ. ತೂಬು ಯಾವಾಗ ತೆರೆಯುತ್ತಾರೆ, ಗುಂಡಿ ಎಲ್ಲಿದೆ, ಏರಿ ಎಲ್ಲಿ ಜಿನುಗುತ್ತದೆ ಎಂಬುದು ಅವರಷ್ಟು ಯಾರಿಗೂ ಗೊತ್ತಿರುವುದಿಲ್ಲ.

ಕೆರೆ ತುಂಬಿ ಕೋಡಿ ಹರಿದರೆ ಊರೇ ಅಲ್ಲಿರುತ್ತದೆ. ನೀರಿಗೆ ಎದುರಾಗಿ ಮೀನು ಹತ್ತಲು ನೋಡುವುದರಿಂದ ಕೋಡಿಯ ಕೆಳಗಿನ ಗುಂಡಿಯಲ್ಲಿ ಅವು ಜಮಾಯಿಸುತ್ತವೆ, ಸೀರೆ ಹಿಡಿದರೂ ಸಿಗುತ್ತವೆ. ಆ ಗುಂಡಿಯನ್ನು ಕೊರೆದದ್ದು ಬೀಳುವ ನೀರೇ. ಬಿದ್ದ ನೀರು ಅಡಿಯಲ್ಲಿ ತಿರುಗಿ ಮತ್ತೆ ಕೋಡಿಯ ಗೋಡೆಯತ್ತಲೇ ಬರುತ್ತದೆ, ಅದರೊಳಗೆ ಬಿದ್ದವನನ್ನು ಮೇಲೆ ಬರಗೊಡದೆ ಉರುಳಿಸುತ್ತದೆ. ಈಜು ಬಂದರೂ ಅಷ್ಟೆ. ಕೋಡಿಯ ಮೇಲೆ ಮೊಣಕಾಲುದ್ದ ನೀರು ರಭಸವಾಗಿ ಹರಿಯುತ್ತಿದ್ದರೆ ಪಾಚಿ ಹಿಡಿದ ಕಲ್ಲಿನ ಮೇಲೆ ದೊಡ್ಡವರೂ ನಿಲ್ಲಲಾರರು. ಸೆಲ್ಫಿಗೆಂದು ಹೋದವರು ಜಾರುವುದು ಇಲ್ಲೇ. ಮೀನು ಬೇಕಾದರೆ ಕೋಡಿಯಿಂದ ನೂರು ಅಡಿ ಕೆಳಗೆ, ಹಳ್ಳ ಹರಡಿ ತೆಳುವಾಗಿರುವ ಕಡೆ ಕೂಳಿ (ಮೀನು ಹಿಡಿಯುವ ಬುಟ್ಟಿ) ಇಡಿ. ಅಲ್ಲೂ ಮುಂಗಾರಿನ ಮೊದಲ ಹೊಸನೀರಿಗೆ ಹತ್ತುವ ಮೀನಿನ ಹೊಟ್ಟೆ ತುಂಬ ಮೊಟ್ಟೆ ಇರುತ್ತದೆ. ಹೊಟ್ಟೆ ಉಬ್ಬಿದವನ್ನು ಬಿಟ್ಟುಬಿಡುವುದು ಒಳ್ಳೆಯದು, ಅವನ್ನು ತಿಂದರೆ ಮುಂದಿನ ವರ್ಷದ ಪಕ್ಕೆ, ಗಿರ್ಲು ಎಲ್ಲಿಂದ ಬರಬೇಕು?

ಗುಡುಗಿನ ಸದ್ದು ಕೇಳಿಸಿದರೆ ಏರಿಯಿಂದ ಇಳಿಯಿರಿ. ಬಯಲಿನಲ್ಲಿ ಏರಿಯೇ ಎತ್ತರ, ಅದರ ಮೇಲೆ ನಿಂತವರು ಇನ್ನೂ ಎತ್ತರ. ಗಾಳದ ಕಾರ್ಬನ್ ರಾಡು ಸಿಡಿಲಿಗೂ ಕರೆಂಟಿಗೂ ದಾರಿ. ಕೆರೆ ಅಂಚಿನಲ್ಲಿ ಹಾದುಹೋಗುವ ವಿದ್ಯುತ್ ತಂತಿಯಡಿ ರಾಡು ಎತ್ತಿ ಬೀಸುವ ಮುನ್ನ ಒಮ್ಮೆ ತಲೆಯೆತ್ತಿ ನೋಡಬೇಕು.

ಬೀಸು ಬಲೆ ಮತ್ತು ಜಾಲಿ ಮೋಟು

ಬೀಸು ಬಲೆಯ ಅಂಚಿಗೆ ಪೋಣಿಸಿದ ಸೀಸದ ಮಣಿಗಳೇ ಮೂರು ನಾಲ್ಕು ಕಿಲೋ ತೂಗುತ್ತವೆ, ಒದ್ದೆಯಾದ ಬಲೆಯ ಭಾರ ಬೇರೆ. ಬೀಸುವ ರಭಸಕ್ಕೆ ಒಂದು ಕಣ್ಣಿ ಅಂಗಿಯ ಗುಂಡಿಗೋ, ಉಂಗುರಕ್ಕೋ, ವಾಚಿಗೋ ಸಿಕ್ಕಿದರೆ ಬಲೆಯ ಜೊತೆ ಬೀಸಿದವನೂ ಹೋಗುತ್ತಾನೆ. ಗುಂಡಿಯಿಲ್ಲದ ಬನಿಯನ್ ಹಾಕಿ, ಕೈಯಲ್ಲಿ ಏನೂ ಇರಕೂಡದು. ಬಲೆಯ ಹಗ್ಗವನ್ನು ಮಣಿಕಟ್ಟಿಗೆ ಬಿಗಿಗಂಟು ಹಾಕಬಾರದು. ಬೆರಳು ಮಡಚಿದರೆ ಜಾರಿ ಹೊರಬರುವಷ್ಟು ಸಡಿಲವಾದ ಕುಣಿಕೆ ಇರಲಿ. ಕಲಿಯುವವರು ಒಣನೆಲದ ಮೇಲೆ, ಹುಲ್ಲಿನಲ್ಲಿ ಬೀಸಿ ಕಲಿಯಲಿ. ಬಲೆ ಗುಂಡಗೆ ಬಿಚ್ಚಿಕೊಳ್ಳದೆ ಬಾಳೆಹಣ್ಣಿನ ಆಕಾರಕ್ಕೆ ಬಿದ್ದರೆ ಸೊಂಟ ತಿರುಗಿಲ್ಲ, ಕೈ ಮಾತ್ರ ಬೀಸಿದೆ ಎಂದರ್ಥ.

ಈ ಮೂರು ಜಿಲ್ಲೆಗಳಲ್ಲಿ ಬಲೆಗೆ ದೊಡ್ಡ ಶತ್ರು ಜಾಲಿ. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೆರೆ ಅಂಗಳಗಳಲ್ಲಿ ಜಾಲಿ ನೆಟ್ಟರು, ಒಣ ವರ್ಷಗಳಲ್ಲಿ ಬಳ್ಳಾರಿ ಜಾಲಿ ತಾನಾಗಿ ಹಬ್ಬಿತು. ನೀರು ಬಂದ ಮೇಲೆ ಆ ಮರಗಳು ಮುಳುಗಿ ಸತ್ತು, ಮೋಟು, ಮುಳ್ಳು ಅಡಿಯಲ್ಲಿ ನಿಂತಿವೆ. ರೋಹು ಅಲ್ಲೇ ಪಾಚಿ ಮೇಯುತ್ತದೆ, ಬಲೆ ಅಲ್ಲೇ ಸಿಕ್ಕುತ್ತದೆ. ಸಿಕ್ಕಿದ ಬಲೆ ಬಿಡಿಸಲು ಈಜಿ ಹೋದವನ ಕಾಲು ಅದೇ ಬಲೆಗೆ ಸಿಕ್ಕುತ್ತದೆ. ಒದ್ದಷ್ಟೂ ಸುತ್ತಿಕೊಳ್ಳುತ್ತದೆ. ಬಲೆ ಸಿಕ್ಕಿಕೊಂಡರೆ ಹಗ್ಗ ಸಡಿಲ ಬಿಟ್ಟು ಎರಡು ನಿಮಿಷ ಕಾಯಿರಿ, ದಡದುದ್ದಕ್ಕೂ ನಡೆದು ಬೇರೆ ದಿಕ್ಕಿನಿಂದ ಎಳೆದು ನೋಡಿ. ಬರದಿದ್ದರೆ ಹಗ್ಗ ಕೊಯ್ಯಿರಿ. ಸೊಂಟದಲ್ಲಿ ಒಂದು ಮಡಚುವ ಚಾಕು ಇರಬೇಕು ಎನ್ನುವುದು ಇದಕ್ಕೇ. ಸಂಜೆ ಬಿಟ್ಟು ಬೆಳಿಗ್ಗೆ ಎತ್ತುವ ಕಟ್ಟು ಬಲೆಗೂ ಇದೇ ಮಾತು. ಎತ್ತದೆ ಬಿಟ್ಟ ಬಲೆ ತಿಂಗಳುಗಟ್ಟಲೆ ಮೀನನ್ನೂ ನೀರುಕಾಗೆಯನ್ನೂ ಕೊಲ್ಲುತ್ತಲೇ ಇರುತ್ತದೆ.

ಹೂಳು, ಗುಂಡಿ, ಕೃಷಿ ಹೊಂಡ

ನೀರಿಗೆ ಇಳಿಯಲೇಬೇಕಾದರೆ ಎಂಟು ಹತ್ತು ಅಡಿಯ ಒಂದು ಬಿದಿರುಕೋಲು ಕೈಯಲ್ಲಿರಲಿ. ಪ್ರತಿ ಹೆಜ್ಜೆಗೂ ಮುಂದೆ ಕುಕ್ಕಿ, ನೆಲ ಸಿಕ್ಕ ಮೇಲೆ ಕಾಲು. ಸಹಜವಾದ ಕೆರೆ ತಳ ಮೆಲ್ಲಗೆ ಇಳಿಜಾರಾಗುತ್ತದೆ, ಜೆಸಿಬಿ ಗುಂಡಿಯ ಅಂಚು ಗೋಡೆಯಂತೆ ನೆಟ್ಟಗೆ. ಒಂದು ಹೆಜ್ಜೆಗೆ ಮೊಣಕಾಲು, ಮುಂದಿನ ಹೆಜ್ಜೆಗೆ ತಲೆ ಮೇಲೆ ನೀರು. ಅಂತರಗಂಗೆ ಕಳೆ ಹಬ್ಬಿದ ಕಡೆ ಹೋಗಲೇಬೇಡಿ, ಅದರಡಿ ಏನಿದೆ ಎಂದು ಕೋಲಿಗೂ ತಿಳಿಯದು.

ಕೆರೆಗೆ ನೀರು ಬರುವ ಕಡೆ ಹೂಳು ಹೆಚ್ಚು. ಹೂಳಿನಲ್ಲಿ ಕಾಲು ಸಿಕ್ಕಿಕೊಂಡರೆ ಕಿತ್ತುಕೊಳ್ಳಲು ಇನ್ನೊಂದು ಕಾಲಿನ ಮೇಲೆ ಭಾರ ಹಾಕುತ್ತೇವೆ, ಅದೂ ಹೂತುಹೋಗುತ್ತದೆ. ನೀರು ತೆಳ್ಳಗಿದ್ದು ಬರೀ ಕೆಸರಾದರೆ ಹಿಂದಕ್ಕೆ ಒರಗಿ ಕೂತು ಭಾರ ಹರಡಿ, ಬಿದಿರನ್ನು ಅಡ್ಡ ಹಾಕಿ ಅದರ ಮೇಲೆ ಒತ್ತಿ, ಒಂದು ಕಾಲನ್ನು ಮಾತ್ರ ಅತ್ತಿತ್ತ ಅಲುಗಿಸುತ್ತ ಮೆಲ್ಲಗೆ ಬಿಡಿಸಿ. ಕಾಲಿನ ಸುತ್ತ ನೀರು ಇಳಿದರೆ ಹಿಡಿತ ಸಡಿಲುತ್ತದೆ. ದಡದವರು ಕೈ ಹಿಡಿದು ಜಗ್ಗಿದರೆ ಕಾಲು ಉಳುಕುವುದೇ ಹೆಚ್ಚು.

ಶುದ್ಧೀಕರಿಸಿದ ಕೊಳಚೆ ನೀರು ಬರುವ ಕೆರೆಗಳಲ್ಲಿ ಕಾಲಿನ ಗಾಯಕ್ಕೆ ನೀರು ಸೋಕಿಸಬಾರದು, ಬಾಯಿಗಂತೂ ಬೇಡ. ಕೆರೆಯಿಂದ ಬಂದ ಒಂದೆರಡು ವಾರದೊಳಗೆ ಜ್ವರ, ಮೀನಖಂಡದ ನೋವು, ಕೆಂಗಣ್ಣು ಬಂದರೆ ಕೆರೆಗೆ ಇಳಿದಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ. ಇಲಿಜ್ವರದ ಲಕ್ಷಣ ಹೀಗೇ ಇರುತ್ತದೆ. ನೊರೆ ಇರುವ, ವಾಸನೆ ಬರುವ, ಮೀನು ಸತ್ತು ತೇಲಿದ ನೀರಿನ ಮೀನು ತಿನ್ನಬಾರದು.

ಕೃಷಿ ಭಾಗ್ಯ ಯೋಜನೆ 2014ರಲ್ಲಿ ಬಂದ ಮೇಲೆ ಈ ಕಡೆ ಹೊಲಹೊಲದಲ್ಲೂ ಹೊಂಡ, ಹೊಂಡದಲ್ಲಿ ಮೀನು. ಮೂರು ಮೀಟರ್ ಆಳ, ನಾಲ್ಕೂ ಕಡೆ ಇಳಿಜಾರು, ಮೇಲೆ ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ಲೋಳೆ ಪಾಚಿ. ನಮ್ಮ ಅಭಿಪ್ರಾಯದಲ್ಲಿ ಹೊಂಡ ಕೆರೆಗಿಂತ ಅಪಾಯ. ಬಿದ್ದವರಿಗೆ ಹಿಡಿಯಲು ಒಂದು ಹುಲ್ಲುಕಡ್ಡಿಯೂ ಸಿಗುವುದಿಲ್ಲ, ಎತ್ತಲು ಬಗ್ಗಿದವರೂ ಜಾರುತ್ತಾರೆ. ಒಂದೇ ಮನೆಯ ಇಬ್ಬರು ಮೂವರು ಒಟ್ಟಿಗೆ ಹೋಗುವುದು ಹೀಗೆ. ಎದುರುಬದುರು ಎರಡು ಕಡೆ ಬಲವಾದ ಗೂಟ ಹೊಡೆದು, ಅಡಿಗೊಂದು ಗಂಟು ಹಾಕಿದ ಹಗ್ಗವನ್ನು ತಳದವರೆಗೆ ಇಳಿಬಿಡಿ, ತುದಿಗೆ ಹಳೆಯ ಟೈರು ಕಟ್ಟಿ. ಸುತ್ತ ಬೇಲಿ ಹಾಕಿ. ಮೀನನ್ನು ದಡದಿಂದಲೇ ಉದ್ದ ಹಿಡಿಯ ಬಲೆಯಲ್ಲಿ ಎತ್ತಿ.

ಯಾರಾದರೂ ಮುಳುಗುತ್ತಿದ್ದರೆ

ಜೊತೆಗೆ ಒಂದು ಐದು ಲೀಟರ್ ಎಣ್ಣೆ ಕ್ಯಾನು ಒಯ್ಯಿರಿ. ಒಳಗೆ ಅರ್ಧ ಲೀಟರ್ ನೀರು ಬಿಟ್ಟು ಮುಚ್ಚಳ ಬಿಗಿದು, ಹಿಡಿಗೆ ಹದಿನೈದು ಮೀಟರ್ ನೈಲಾನ್ ಹಗ್ಗ ಕಟ್ಟಿ. ನೀರಿನ ಭಾರಕ್ಕೆ ಕ್ಯಾನು ದೂರ ಹೋಗುತ್ತದೆ, ಉಳಿದ ಗಾಳಿ ತೇಲಿಸುತ್ತದೆ. ಮುಳುಗುವವರ ತಲೆಯಾಚೆ ಎಸೆದು ಹತ್ತಿರಕ್ಕೆ ಎಳೆಯಿರಿ. ಬಿದಿರು, ಸೀರೆ, ಪಂಚೆ ಯಾವುದಾದರೂ ಸರಿ, ಮಲಗಿಕೊಂಡು ಚಾಚಿ. ಹಾರಬೇಡಿ. ಮುಳುಗುವವನು ಕೂಗುವುದಿಲ್ಲ, ಹತ್ತಿರ ಬಂದವರನ್ನು ಏಣಿ ಮಾಡಿಕೊಂಡು ಹತ್ತಲು ನೋಡುತ್ತಾನೆ.

ದಡಕ್ಕೆ ತಂದ ಮೇಲೆ ಹೊಟ್ಟೆ ಒತ್ತುವುದು, ತಲೆಕೆಳಗು ಮಾಡಿ ತಿರುಗಿಸುವುದು ಬೇಡ. ಅದರಿಂದ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುತ್ತದೆ, ಅಮೂಲ್ಯವಾದ ನಿಮಿಷಗಳೂ ಹೋಗುತ್ತವೆ. ಉಸಿರಿಲ್ಲದಿದ್ದರೆ ಗದ್ದ ಎತ್ತಿ, ಮೂಗು ಮುಚ್ಚಿ, ಮೊದಲು ಬಾಯಿಗೆ ಬಾಯಿ ಇಟ್ಟು ಎರಡರಿಂದ ಐದು ಬಾರಿ ಎದೆ ಏರುವಂತೆ ಊದಿ. ನಂತರ ಎದೆಯ ನಡುವೆ ಐದಾರು ಸೆಂಟಿಮೀಟರ್ ಇಳಿಯುವಂತೆ 30 ಸಲ ಒತ್ತಿ, 2 ಸಲ ಊದಿ, ಹೀಗೇ ಮುಂದುವರಿಸಿ. ನಿಮಿಷಕ್ಕೆ 100ರಿಂದ 120ರ ವೇಗ. ಇನ್ನೊಬ್ಬರು 108ಕ್ಕೋ 112ಕ್ಕೋ ಫೋನ್ ಮಾಡಲಿ. ಎದ್ದು ಕೂತು ಏನೂ ಆಗಿಲ್ಲ ಎಂದರೂ ಆಸ್ಪತ್ರೆಗೆ ಕರೆದೊಯ್ಯಿರಿ, ಶ್ವಾಸಕೋಶದ ತೊಂದರೆ ಗಂಟೆಗಳ ನಂತರ ಕಾಣಿಸಿಕೊಳ್ಳಬಹುದು.

ಮುಳ್ಳು, ಗಾಳ, ಏಡಿ

ಬೇಸಿಗೆಯಲ್ಲಿ ಗುಂಡಿಯಲ್ಲುಳಿದ ನೀರಿಗೆ ಕೈಹಾಕಿ ಮೀನು ಹುಡುಕುವವರಿಗೆ ಚೇಳು ಮೀನು ಸಿಗುತ್ತದೆ. ಕಿವಿರಿನ ಹಿಂದಿನ ಎರಡು ಮುಳ್ಳಿಗೆ ವಿಷವಿದೆ, ಉರಿ ತೋಳಿನವರೆಗೂ ಏರುತ್ತದೆ. ತಣ್ಣೀರಿಗೆ ಅದು ಇಳಿಯುವುದಿಲ್ಲ. ವಿಷದ ಅಂಶ ಶಾಖಕ್ಕೆ ಕೆಡುವಂಥದು, ಆದ್ದರಿಂದ ತಾಳುವಷ್ಟು ಬಿಸಿನೀರಿನಲ್ಲಿ, 45 ಡಿಗ್ರಿ ಮೀರದಂತೆ, 30ರಿಂದ 90 ನಿಮಿಷ ಅದ್ದಿಡಿ. ಬಿಸಿ ಎಷ್ಟೆಂದು ಗಾಯವಾಗದ ಕೈಯಿಂದ ನೋಡಿ, ನೋವಿನ ಕೈಗೆ ಸುಟ್ಟದ್ದೂ ತಿಳಿಯದು. ಮುರಿದ ಮುಳ್ಳು ಒಳಗುಳಿದಿದ್ದರೆ ವೈದ್ಯರೇ ತೆಗೆಯಬೇಕು. ಟಿ.ಟಿ. ಇಂಜೆಕ್ಷನ್ ಮರೆಯಬೇಡಿ.

ಗಾಳ ಬೆರಳಿಗೆ ನೆಟ್ಟು ಹಿಂಬದಿಯ ಮುಳ್ಳು ಒಳಗೆ ಹೋಗಿದ್ದರೆ ಹಾಗೇ ಹಿಂದಕ್ಕೆ ಎಳೆದರೆ ಮಾಂಸ ಕಿತ್ತು ಬರುತ್ತದೆ. ಗಟ್ಟಿ ದಾರವನ್ನು ಗಾಳದ ಬಾಗಿಗೆ ಸುತ್ತಿ, ಗಾಳದ ಕಣ್ಣನ್ನು ಚರ್ಮಕ್ಕೆ ತಾಗುವಂತೆ ಒತ್ತಿ ಹಿಡಿದು, ದಾರವನ್ನು ಚರ್ಮಕ್ಕೆ ಸಮಾನಾಂತರವಾಗಿ ಫಕ್ಕನೆ ಒಮ್ಮೆ ಜಗ್ಗಿ. ಒತ್ತಿದಾಗ ಮುಳ್ಳು ಮಾಂಸದಿಂದ ಬಿಡಿಸಿಕೊಳ್ಳುತ್ತದೆ, ಬಂದ ದಾರಿಯಲ್ಲೇ ಹೊರಬರುತ್ತದೆ. ಎದುರಿಗೆ ಯಾರೂ ನಿಲ್ಲಬಾರದು. ಕಣ್ಣು, ಮುಖ, ಕುತ್ತಿಗೆಯ ಬಳಿ ಈ ಪ್ರಯೋಗ ಬೇಡ.

ಏಡಿಗೆ ಬಿಲದೊಳಗೆ ಕೈ ಹಾಕುವುದು ಹಳೆಯ ರೂಢಿ, ಕೆಟ್ಟ ರೂಢಿ. ಅದೇ ಬಿಲದಲ್ಲಿ ಹಾವೂ ಇರುತ್ತದೆ. ಕೋಳಿ ಕರುಳನ್ನು ದಾರಕ್ಕೆ ಕಟ್ಟಿ ಬಿಲದ ಬಾಯಲ್ಲಿ ಬಿಡಿ, ಕಚ್ಚಿದ ಏಡಿಯನ್ನು ಮೆಲ್ಲಗೆ ಹೊರಗೆ ಎಳೆದು ಬೆನ್ನ ಹಿಂದಿನಿಂದ ಚಿಪ್ಪಿನ ಎರಡೂ ಬದಿ ಹಿಡಿಯಿರಿ. ಹೊಟ್ಟೆಯ ಮಡಿಕೆಯಲ್ಲಿ ಮರಿ ಇದ್ದರೆ ಬಿಡಿ. ಅರೆಬೆಂದ ಏಡಿ ತಿನ್ನಬಾರದು, ಅದರಲ್ಲಿ ಶ್ವಾಸಕೋಶಕ್ಕೆ ಹೋಗುವ ಹುಳು ಇರಬಹುದು.

ಗಾಳಕ್ಕೆ ಆಮೆ ಬಿದ್ದರೆ ಅದನ್ನು ಇಟ್ಟುಕೊಳ್ಳುವಂತಿಲ್ಲ. ನಮ್ಮ ಕೆರೆಗಳ ಮೆದುಚಿಪ್ಪಿನ ಆಮೆ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ದಾರ ಜಗ್ಗದೆ ದಡಕ್ಕೆ ತಂದು, ಚಿಪ್ಪಿನ ಹಿಂಭಾಗ ಹಿಡಿದು, ಗಾಳವನ್ನು ಇಕ್ಕಳದಿಂದ ತಿರುಗಿಸಿ ತೆಗೆಯಿರಿ. ನುಂಗಿದ್ದರೆ ದಾರವನ್ನು ಬಾಯಿಗೆ ತಾಗಿ ಕತ್ತರಿಸಿ ನೀರಿಗೆ ಬಿಡಿ.

ಹಿಡಿದ ಮೀನನ್ನು ಬಿಸಿಲಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಟ್ಟರೆ ಮನೆ ಸೇರುವಷ್ಟರಲ್ಲಿ ಹೊಟ್ಟೆ ಒಡೆದಿರುತ್ತದೆ. ತಲೆಗೆ ಒಂದು ಏಟು ಹಾಕಿ ಕೂಡಲೇ ಕೊಲ್ಲಿ, ಒದ್ದಾಡಿ ಸತ್ತ ಮೀನು ಬೇಗ ಕೆಡುತ್ತದೆ. ಕಿವಿರು, ಕರುಳು ಅಲ್ಲೇ ತೆಗೆದು, ಮೀನಿನಷ್ಟೇ ತೂಕದ ಐಸ್ ಹಾಕಿ. ಐಸ್ ಇಲ್ಲದಿದ್ದರೆ ಒದ್ದೆ ಗೋಣಿಯಲ್ಲಿ ಸುತ್ತಿ ಗಾಳಿಯಾಡುವ ನೆರಳಿನಲ್ಲಿಟ್ಟು, ಎರಡು ಮೂರು ಗಂಟೆಯೊಳಗೆ ಒಲೆ ಹತ್ತಿಸಿ. ತೆಗೆದ ಕರುಳನ್ನು ಕೆರೆಗೆ ಎಸೆಯದೆ ತೆಂಗಿನ ಬುಡದಲ್ಲಿ ಒಂದಡಿ ಆಳಕ್ಕೆ ಹೂಳಿ, ಮೇಲೆ ಹೂಳಿದರೆ ರಾತ್ರಿ ನಾಯಿ ಅಗೆಯುತ್ತದೆ.